ನಡ ಹಿಡಿದಾಗ ಮಲಗಬೇಕೋ, ನಡೆದಾಡಬೇಕೋ?

ಬೆನ್ನುನೋವಿಗೆ ನಮ್ಮ ಕಡೆ ಹೆಸರುಗಳು ಬಹಳ. ಪುಸ್ತಕದಲ್ಲಿ ಬೆನ್ನುನೋವು, ಸೊಂಟನೋವು. ಹುಮನಾಬಾದಿನ ಸಂತೆಯಲ್ಲಿ ಕೇಳಿದರೆ ‘ನಡ ಹಿಡದದ’, ‘ಟೊಂಕ ನೋಯ್ತದ’. ನಮ್ಮ ಮನೆಯ ದಖ್ಖನಿಯಲ್ಲಿ ‘ಕಮರ್ ಪಕಡ್ ಲಿಯಾ’. ಬಸವಕಲ್ಯಾಣದ ಆಚೆ ಗಡಿ ಹಳ್ಳಿಗಳ ಮರಾಠಿಯಲ್ಲಿ ‘ಕಂಬರ್ ದುಖತೇ’. ಹೆಸರು ಯಾವುದೇ ಇರಲಿ, ನೋವು ಬಂದವರಿಗೆ ಸುತ್ತಲಿನವರು ಹೇಳುವ ಮಾತು ಮಾತ್ರ ಒಂದೇ: “ಎಲುಬು ಸರಿದದ, ಇನ್ನ ಮಲ್ಕೋಬೇಕು.” ಈ ಮಾತಿನಲ್ಲಿ ಎರಡು ಭಾಗ ಇವೆ. ಹೆಚ್ಚಿನ ಸಲ ಎರಡೂ ತಪ್ಪು. ಯಾಕೆ ತಪ್ಪು, ಯಾವಾಗ ಮಾತ್ರ ನಿಜವಾಗಿ ಹೆದರಬೇಕು ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಹುಮನಾಬಾದಿನಿಂದ ದಿನಾಲು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬರುತ್ತೇನೆ. ಅಬ್ಬಾ ಲಾರಿ ಚಾಲಕರು. ನಾನು ಡಾಕ್ಟರ್ ಅಲ್ಲ. ಅಬ್ಬಾರ ಜೊತೆ ಆಸ್ಪತ್ರೆಗಳಿಗೆ ಹೋಗಿ ಕೇಳಿದ್ದು, ಆಮೇಲೆ ಕುತೂಹಲದಿಂದ ಓದಿದ್ದು, ನಮ್ಮ ಜೀವಶಾಸ್ತ್ರದ ಮೇಡಂ ನೋಡಿ ತಿದ್ದಿಕೊಟ್ಟದ್ದು, ಇಷ್ಟೇ ನನ್ನ ಬಂಡವಾಳ.

ನಮ್ಮ ಎರಡು ಊರುಗಳಲ್ಲಿ ನಡನೋವು ಯಾಕೆ ಇಷ್ಟು ಎಂದು ತಿಳಿಯಲು ದೊಡ್ಡ ಸಂಶೋಧನೆ ಬೇಕಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 65, ನಮ್ಮ ಮಗ್ಗುಲಲ್ಲೇ ಹೋಗುತ್ತದೆ. ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿಗಳ ಬಾಡಿ ಕಟ್ಟುತ್ತಾರೆ. ವೆಲ್ಡಿಂಗ್ ಮಾಡುವವರು, ಪೇಂಟರ್‌ಗಳು, ಗಾಡಿಯ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುವ ಹುಡುಗರು, ಎಲ್ಲರ ಕೆಲಸವೂ ಬೆನ್ನು ಕತ್ತುಗಳ ಮೇಲೆಯೇ. ಹುಮನಾಬಾದಿನ ಎಪಿಎಂಸಿಯಲ್ಲಿ ತೊಗರಿ, ಸೋಯಾ ಚೀಲ ಹೊರುವ ಹಮಾಲರು. ಕಬ್ಬು ಕಡಿಯುವವರು. ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವ ಹೆಣ್ಣುಮಕ್ಕಳು. ಮನೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತ ನಮ್ಮ ಅಮ್ಮಿಯಂಥವರು. ಹನ್ನೆರಡನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿದ್ದ ಶರಣರಲ್ಲೂ ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವವರು, ನುಲಿಯ ಚಂದಯ್ಯನವರು ಹಗ್ಗ ಹೊಸೆಯುವವರು. ಕಾಯಕದ ಊರು ಎಂದಮೇಲೆ ನಡವೂ ಅಷ್ಟೇ ದುಡಿದಿರಬೇಕು.

ಇದು ನಮ್ಮ ಜಿಲ್ಲೆಯ ಕತೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದು ಎನ್ನುತ್ತಾರೆ. ಮನುಷ್ಯರನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಮೊದಲನೆಯದು ಇದೇ. ಆದರೆ ಅದೇ ಸಂಸ್ಥೆ ಇನ್ನೊಂದು ಮಾತನ್ನೂ ಹೇಳುತ್ತದೆ: ನೂರರಲ್ಲಿ ಸುಮಾರು ತೊಂಬತ್ತು ಮಂದಿಯಲ್ಲಿ ಇಂಥದೇ ಮೂಳೆ, ಇಂಥದೇ ನರ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನೋವು ನಿಜ, ಆದರೆ ಒಳಗೆ ಮುರಿದದ್ದು ಏನೂ ಇರುವುದಿಲ್ಲ. ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ.

ಪ್ರಥಮ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಬೆನ್ನೆಲುಬಿನ ಪಾಠ ನೆನಪಿರಬಹುದು. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಗಳು. ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲಮೂಳೆ. ದೊಡ್ಡವರಲ್ಲಿ ಒಟ್ಟು 26. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ. ನೋವು ತಿಳಿಯಲು ಮಾತ್ರ ಎರಡು ಮೂಳೆಗಳ ನಡುವಿನ ಡಿಸ್ಕ್ ನೋಡಬೇಕು. ಡಿಸ್ಕ್ ಅಂದರೆ ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರು ತುಂಬಿದ ಮೆತ್ತನೆಯ ತಿರುಳು. ಅದು ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಬಲವಾಗಿ ಅಂಟಿಕೊಂಡಿರುತ್ತದೆ. ಎರಡು ರೊಟ್ಟಿಗಳ ನಡುವಿನ ಪಲ್ಯ ಜಾರಿದಂತೆ ಅದು ಜಾರಿ ಹೋಗುವುದಿಲ್ಲ. ‘ಡಿಸ್ಕ್ ಸರಿದಿದೆ’ ಎಂಬ ಮಾತು ಹೆದರಿಸುವಷ್ಟು ನಿಜ ಅಲ್ಲ. ಆಗುವುದೇನೆಂದರೆ, ಹೊರಗಿನ ನಾರು ಸಡಿಲವಾಗಿ ಡಿಸ್ಕ್ ಒಂದು ಕಡೆ ಉಬ್ಬುತ್ತದೆ. ಕೆಲವೊಮ್ಮೆ ನಾರು ಹರಿದು ತಿರುಳು ಹೊರಗೆ ಚಾಚುತ್ತದೆ. ಆ ಚಾಚಿದ ಭಾಗವನ್ನು ಎಷ್ಟೋ ಸಲ ದೇಹವೇ ತಿಂಗಳುಗಳಲ್ಲಿ ಕರಗಿಸಿ ಸಣ್ಣದು ಮಾಡುತ್ತದೆ.

ಡಿಸ್ಕಿನ ಇನ್ನೊಂದು ಗುಣ ಮುಖ್ಯ. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಇಲ್ಲವೆನ್ನಬಹುದು. ಪಕ್ಕದ ಮೂಳೆಯಿಂದ ಆಹಾರ ಒಳಗೆ ಒಸರಬೇಕು. ಒತ್ತಡ ಬಿದ್ದಾಗ ನೀರು ಹೊರಗೆ ಹೋಗುತ್ತದೆ, ಒತ್ತಡ ಇಳಿದಾಗ ಒಳಗೆ ಬರುತ್ತದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುವುದರಿಂದ ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುತ್ತೇವೆ. ಬೇಕಾದರೆ ಗೋಡೆಗೆ ಗೆರೆ ಹಾಕಿ ನೋಡಿ. ಹೀಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಡೆಯುವುದೇ ಡಿಸ್ಕಿನ ಊಟ. ವಾರಗಟ್ಟಲೆ ಅಲುಗಾಡದೆ ಮಲಗಿದರೆ ಅದಕ್ಕೆ ಉಪಕಾರ ಆಗುವುದಿಲ್ಲ, ಬೆನ್ನಿನ ಸ್ನಾಯುಗಳೂ ಸೊರಗುತ್ತವೆ.

ಹಾಗಾದರೆ ನಡ ‘ಹಿಡಿಯುವುದು’ ಏನು? ಬಿಂದಿಗೆ ಎತ್ತುವಾಗ, ಲಾರಿಯಿಂದ ಇಳಿಯುವಾಗ, ಒಮ್ಮೊಮ್ಮೆ ಬರೀ ಸೀನಿದಾಗ ಎಲ್ಲೋ ಒಂದು ಸಣ್ಣ ನಾರು ಅಥವಾ ಕೀಲು ಉಳುಕುತ್ತದೆ. ಕೂಡಲೇ ಸುತ್ತಲಿನ ಸ್ನಾಯುಗಳೆಲ್ಲ ಬಿಗಿಯಾಗಿ ಕಾವಲು ನಿಲ್ಲುತ್ತವೆ. ಉಳುಕು ಸಣ್ಣದು, ಕಾವಲು ದೊಡ್ಡದು. ಆ ಬಿಗಿತವೇ ಹೆಚ್ಚು ನೋಯಿಸುತ್ತದೆ. ಹೆಚ್ಚಿನವರಿಗೆ ಇದು ಕೆಲವು ದಿನಗಳಿಂದ ಆರು ವಾರಗಳ ಒಳಗೆ ಬಹಳಷ್ಟು ಇಳಿಯುತ್ತದೆ. ಆದರೆ ಭಯ, ನಿದ್ದೆಗೇಡು, ಸಾಲದ ಚಿಂತೆ ಜೊತೆಗಿದ್ದರೆ ಇಳಿಯುವುದು ತಡ. ನೋವು ಮನಸ್ಸಿನ ಕಲ್ಪನೆ ಎಂದು ಇದರ ಅರ್ಥ ಅಲ್ಲ. ನರಗಳು ತರುವ ಸುದ್ದಿಯನ್ನು ಮಿದುಳು ಜೋರಾಗಿ ಕೇಳಬೇಕೋ ಮೆಲ್ಲಗೆ ಕೇಳಬೇಕೋ ಎಂಬುದು ನಮ್ಮ ಸ್ಥಿತಿಯ ಮೇಲೂ ನಿಂತಿದೆ.

ಈಗ ಅಬ್ಬಾರ ವಿಷಯ. ಎರಡು ವರ್ಷದ ಹಿಂದೆ ಅವರಿಗೆ ನಡನೋವು ಬಲಗಾಲಿಗೆ ಇಳಿಯಿತು. ಕುಂಡೆಯಿಂದ ತೊಡೆಯ ಹಿಂದೆ, ಮೀನಖಂಡದವರೆಗೆ ಕರೆಂಟು ಹೊಡೆದಂತೆ. ಇದಕ್ಕೆ ಸಯಾಟಿಕಾ ಅನ್ನುತ್ತಾರೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರು. ವರದಿಯಲ್ಲಿ ‘ಡಿಸ್ಕ್ ಬಲ್ಜ್’, ‘ಡಿಜನರೇಟಿವ್ ಚೇಂಜಸ್’ ಎಂಬ ಪದಗಳು. ಆಪರೇಷನ್ ಆಗಬೇಕು, ಇಲ್ಲದಿದ್ದರೆ ಕಾಲು ಹೋಗುತ್ತದೆ, ಗಾಡಿ ಮರೆತುಬಿಡಿ ಎಂದರು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮಿಯ ಬಂಗಾರ ಎಷ್ಟಕ್ಕೆ ಹೋಗುತ್ತದೆ ಎಂದು ಚಾಚಾ ವಿಚಾರಿಸಿಕೊಂಡು ಬಂದರು. ನನ್ನ ಕಾಲೇಜು ಬಿಡಿಸುವ ಮಾತೂ ಬಂದಿತ್ತು, ಗೋಡೆಯ ಈಚೆಯಿಂದ ಕೇಳಿಸಿಕೊಂಡೆ.

ದಾದಿ ಹಠ ಮಾಡಿದ್ದರಿಂದ ಬೀದರಿನಲ್ಲಿ ಇನ್ನೊಬ್ಬ ಮೂಳೆ ವೈದ್ಯರಿಗೆ ತೋರಿಸಿದೆವು. ಅವರು ಫಿಲಂ ಆಮೇಲೆ ನೋಡಿದರು, ಮೊದಲು ಅಬ್ಬಾರನ್ನು ನೋಡಿದರು. ಮುಂಗಾಲ ಮೇಲೆ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದರು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಹೆಬ್ಬೆರಳಿನ ಬಲ ನೋಡಿದರು. ಮೂತ್ರ ಸರಿ ಹೋಗುತ್ತಿದೆಯೇ ಎಂದು ಕೇಳಿದರು. ಆಮೇಲೆ, “ಭಾಯ್, ಕಾಲಿನ ಬಲ ಪೂರ್ತಿ ಅದ. ಕಾಯೋಣ” ಎಂದರು. ಸಯಾಟಿಕಾ ಬಂದವರಲ್ಲಿ ಹೆಚ್ಚಿನವರು ಕೆಲವು ವಾರಗಳಿಂದ ಮೂರು ತಿಂಗಳಲ್ಲಿ ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ, ಅಷ್ಟು ಕಾದರೂ ಕಾಲುನೋವು ತಡೆಯಲಾಗದಿದ್ದರೆ ಅಥವಾ ಕಾಲಿನ ಬಲ ಕಡಿಮೆಯಾಗುತ್ತ ಹೋದರೆ ಆಗ ಆಪರೇಷನ್ ನಿಜವಾಗಿ ಉಪಯೋಗ ಎಂದು ತಿಳಿಸಿ ಹೇಳಿದರು.

ಫಿಲಮ್ಮಿನಲ್ಲಿ ಕಂಡ ಉಬ್ಬಿನ ಬಗ್ಗೆ ಅವರು ಹೇಳಿದ ಮಾತನ್ನು ನಾನು ಮನೆಗೆ ಬಂದು ಹುಡುಕಿ ಓದಿದೆ. 2015ರಲ್ಲಿ ಸಂಶೋಧಕರು ಬೆನ್ನುನೋವು ಇಲ್ಲವೇ ಇಲ್ಲ ಎನ್ನುವ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಇಪ್ಪತ್ತು ವರ್ಷದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬು ಇತ್ತು, ಎಂಬತ್ತು ವರ್ಷದವರಲ್ಲಿ 84 ಮಂದಿಗೆ. ಡಿಸ್ಕ್ ಸವೆತ ಇಪ್ಪತ್ತರ ವಯಸ್ಸಿನಲ್ಲಿ ನೂರಕ್ಕೆ 37, ಎಂಬತ್ತರಲ್ಲಿ 96. ಇವರಲ್ಲಿ ಯಾರಿಗೂ ನೋವಿರಲಿಲ್ಲ. ಅಂದರೆ ತಲೆಗೂದಲು ನೆರೆಯುವಂತೆ ಡಿಸ್ಕೂ ನೆರೆಯುತ್ತದೆ. ನೋವಿದ್ದವರ ಸ್ಕ್ಯಾನಿನಲ್ಲಿ ಉಬ್ಬು ಕಂಡರೆ ನೋವಿಗೆ ಅದೇ ಕಾರಣ ಎಂದು ಅಷ್ಟರಿಂದಲೇ ಹೇಳಲಾಗದು. ನೋಯುವ ಜಾಗ, ಕಾಲಿನ ಬಲ, ಫಿಲಂ, ಮೂರೂ ಒಂದೇ ಮಾತು ಹೇಳಬೇಕು. ಯಾರಾದರೂ ಫಿಲಂ ಮಾತ್ರ ನೋಡಿ ಆಪರೇಷನ್ ಎಂದರೆ, ಮೈ ಮುಟ್ಟಿ ನೋಡುವ ಇನ್ನೊಬ್ಬ ವೈದ್ಯರ ಹತ್ತಿರ ಹೋಗುವುದು ನಮ್ಮ ಹಕ್ಕು. ಅದಕ್ಕೆ ನಾಚಿಕೆ ಬೇಡ. ನಿಜವಾಗಿ ಆಪರೇಷನ್ ಬೇಕೆಂದಾದರೆ ಬಂಗಾರ ಮಾರುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅದರಲ್ಲಿದೆ.

ಅಬ್ಬಾ ಮೂರು ತಿಂಗಳ ಮೇಲೆ ಮತ್ತೆ ಸ್ಟೇರಿಂಗ್ ಹಿಡಿದರು. ನೋವು ಪೂರ್ತಿ ಹೋಗಿದೆ ಎಂದು ಸುಳ್ಳು ಬರೆಯುವುದಿಲ್ಲ. ಮಳೆಗಾಲದಲ್ಲಿ, ಎರಡು ದಿನ ಸತತ ಓಡಿಸಿದ ಮೇಲೆ ಬರುತ್ತದೆ, ಹೋಗುತ್ತದೆ. ಆದರೆ ಅವರು ಕೆಲವು ಪದ್ಧತಿ ಬದಲಿಸಿದ್ದಾರೆ. ಎರಡು ತಾಸಿಗೊಮ್ಮೆ ಇಳಿದು ಗಾಡಿಯ ಸುತ್ತ ನಾಲ್ಕು ಸುತ್ತು ಹಾಕುತ್ತಾರೆ. ಗಾಡಿ ನಿಲ್ಲಿಸಿದ ಕೂಡಲೇ ಚೀಲ ಇಳಿಸಲು ಹೋಗುವುದಿಲ್ಲ. ಇದಕ್ಕೆ ಕಾರಣ ಇದೆ. ಕೂತ ಮನುಷ್ಯನ ದೇಹ ಸೆಕೆಂಡಿಗೆ ಸುಮಾರು ನಾಲ್ಕರಿಂದ ಆರು ಸಲ ಅಲುಗುವ ಕಂಪನಕ್ಕೆ ಅತಿ ಹೆಚ್ಚು ತೂಗುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೇ ಅನುರಣನ ಎನ್ನುತ್ತೇವೆ. ಲಾರಿಯ ಸೀಟು ಅಲುಗುವುದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ತಾಸುಗಟ್ಟಲೆ ಈ ಕುಲುಕಾಟ ತಿಂದ ಸ್ನಾಯುಗಳು ದಣಿದಿರುತ್ತವೆ. ಆಗಲೇ ಭಾರ ಎತ್ತಿದರೆ ಉಳುಕುವುದು ಸುಲಭ. ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಸ್ಪೀಡ್ ಬ್ರೇಕರ್ ದಾಟಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಭಾರದ ಲೆಕ್ಕವನ್ನೂ ನಮ್ಮ ಭೌತಶಾಸ್ತ್ರದಿಂದಲೇ ಹಾಕಬಹುದು. ತಿರುಗುಬಲ ಅಂದರೆ ಬಲ ಗುಣಿಸು ದೂರ. 20 ಕೆಜಿಯ ಹಿಟ್ಟಿನ ಡಬ್ಬಿಯನ್ನು ಕೈ ಚಾಚಿ ಬೆನ್ನೆಲುಬಿನಿಂದ 50 ಸೆಂಟಿಮೀಟರ್ ದೂರ ಹಿಡಿದಿರಿ ಎನ್ನೋಣ. ಅದನ್ನು ಸಮತೂಗಿಸುವ ಬೆನ್ನಿನ ಸ್ನಾಯು ಎಲುಬಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಮಾತ್ರ ಇದೆ. ಹತ್ತು ಪಟ್ಟು ಕಡಿಮೆ ದೂರ, ಹಾಗಾಗಿ ಹತ್ತು ಪಟ್ಟು ಬಲ: 200 ಕೆಜಿ ತೂಕದಷ್ಟು. ಇದಕ್ಕೆ ನಮ್ಮ ಮೇಲ್ಮೈಯ ಭಾರ ಬೇರೆ. ಅದೇ ಡಬ್ಬಿಯನ್ನು ಹೊಟ್ಟೆಗೆ ತಾಗಿಸಿ 25 ಸೆಂಟಿಮೀಟರ್ ದೂರ ಹಿಡಿದರೆ 100 ಕೆಜಿಗೆ ಇಳಿಯುತ್ತದೆ. ಡಬ್ಬಿ ಅದೇ, ಮನುಷ್ಯ ಅದೇ. ಹಮಾಲರು ಚೀಲವನ್ನು ಮುಂದೆ ಹಿಡಿಯದೆ ಬೆನ್ನಿನ ಮೇಲೆ, ಹೆಗಲ ಮೇಲೆ ಹಾಕಿಕೊಳ್ಳುವುದು ಇದೇ ಲೆಕ್ಕ, ಯಾವ ಕಾಲೇಜಿನಲ್ಲೂ ಕಲಿಯದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು 55 ಕೆಜಿಗಿಂತ ಹೆಚ್ಚು ಹೊರಬಾರದು ಎಂದು ಶಿಫಾರಸು ಮಾಡಿತು. ಹಿಂದೆ ಕ್ವಿಂಟಲ್ ಚೀಲವನ್ನೇ ಹೊರುತ್ತಿದ್ದರು ಎಂದು ಓಣಿಯ ಹಿರಿಯರು ಹೇಳುತ್ತಾರೆ. ಈಗ ಸಿಮೆಂಟು, ರೇಷನ್ ಅಕ್ಕಿ 50 ಕೆಜಿ ಚೀಲದಲ್ಲಿ ಬರುತ್ತವೆ. ಅದೂ ದಿನಕ್ಕೆ ಎಷ್ಟು ಸಲ ಎಂಬ ಪ್ರಶ್ನೆ ಉಳಿದೇ ಇದೆ.

ಇನ್ನು ಮಲಗುವ ಮಾತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಗರಸಭೆಯ ನೌಕರರಿಗೆ ನಡ ಹಿಡಿದಾಗ ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ದಿನ ಮಲಗಬೇಕು, ಇನ್ನೊಂದು ಬೆನ್ನಿನ ವ್ಯಾಯಾಮ ಮಾಡಬೇಕು, ಮೂರನೆಯದು ನೋವು ತಡೆಯುವಷ್ಟರ ಮಟ್ಟಿಗೆ ಎಂದಿನ ಕೆಲಸ ಮಾಡಿಕೊಂಡಿರಬೇಕು. 1995ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೇಗ ಗುಣವಾದದ್ದು ಮೂರನೇ ಗುಂಪು, ತಡವಾದದ್ದು ಮಲಗಿದ ಗುಂಪು. ಮೊದಲ ದಿನ ಏಳಲಾಗದಷ್ಟು ನೋವಿದ್ದರೆ ಮಲಗಲೇಬೇಕಾಗುತ್ತದೆ, ಅದು ಬೇರೆ. ಮೊಣಕಾಲ ಕೆಳಗೆ ದಿಂಬು ಇಟ್ಟು ಅಂಗಾತ, ಅಥವಾ ಮೊಣಕಾಲ ನಡುವೆ ದಿಂಬು ಇಟ್ಟು ಮಗ್ಗುಲಾಗಿ ಮಲಗಿದರೆ ಹಗುರ. ಬಿಸಿನೀರಿನ ಶಾಖ ಸ್ನಾಯುವನ್ನು ಸಡಿಲಿಸುತ್ತದೆ. ಮರುದಿನದಿಂದ ಅಂಗಳದಲ್ಲಾದರೂ ಐದೈದು ನಿಮಿಷ ನಡೆಯಬೇಕು, ದಿನಾ ಸ್ವಲ್ಪ ಹೆಚ್ಚಿಸಬೇಕು. ನಡೆಯುವಾಗ ಸ್ವಲ್ಪ ನೋವಾದರೆ ಒಳಗೆ ಏನೋ ಹರಿಯುತ್ತಿದೆ ಎಂದಲ್ಲ.

ಗುಣವಾದ ಮೇಲೂ ನಡಿಗೆ ಬಿಡಬಾರದು. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ನಡನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ತೆಗೆದುಕೊಂಡರು. ವಾರಕ್ಕೆ ಐದು ದಿನ, ಅರ್ಧ ತಾಸಿನವರೆಗೆ ನಡೆಯಲು ಕಲಿಸಿದವರಲ್ಲಿ ನೋವು ಮರಳಿ ಬರಲು ಸರಾಸರಿಯಾಗಿ 208 ದಿನ ಹಿಡಿಯಿತು. ಏನೂ ಹೇಳಿಕೊಡದವರಲ್ಲಿ 112 ದಿನ. ನಡಿಗೆಗೆ ಖರ್ಚಿಲ್ಲ. ಬಸವಕಲ್ಯಾಣದ ಕೋಟೆಯ ಕಡೆ ಬೆಳಿಗ್ಗೆ ಹೋದರೆ ಗಾಳಿಯೂ ಚೆನ್ನ. ರಸ್ತೆಯಲ್ಲಿ ನಡೆಯಲು ಸಂಕೋಚ ಪಡುವ ಅಮ್ಮಿಯಂಥವರು ಮಾಳಿಗೆಯ ಮೇಲೆ ನಡೆಯುತ್ತಾರೆ, ಬಿಸಿಲೂ ಸಿಗುತ್ತದೆ. ಬಿಸಿಲು ಕಾಣದೆ ವಿಟಮಿನ್ ಡಿ ಬಹಳ ಕಡಿಮೆಯಾದರೆ ಮೂಳೆ ಮೆತ್ತಗಾಗಿ ಸೊಂಟ, ತೊಡೆ ನೋಯುವುದುಂಟು. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟವನ್ನು ಮೆಲ್ಲಗೆ ಎತ್ತಿ ಇಳಿಸುವುದು, ಅಂಬೆಗಾಲಿನ ಭಂಗಿಯಲ್ಲಿ ಬೆನ್ನನ್ನು ಬೆಕ್ಕಿನಂತೆ ಮೇಲೆ ಕೆಳಗೆ ಮಾಡುವುದು, ಇವು ಅಬ್ಬಾಗೆ ಕಲಿಸಿದ ವ್ಯಾಯಾಮಗಳು.

ನಮ್ಮ ಜನ ಮಾಡುವ ಬೇರೆ ಉಪಾಯಗಳನ್ನೂ ಹೇಳಬೇಕು. ಔಷಧಿ ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ನುಂಗುವುದು ಮೊದಲನೆಯದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಕೆಲವು ದಿನ ನೋವು ಇಳಿಸುತ್ತವೆ, ಹೌದು. ಅದನ್ನೇ ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ ಸೌಮ್ಯ, ಆದರೆ 2014ರ ಒಂದು ದೊಡ್ಡ ಪರೀಕ್ಷೆಯಲ್ಲಿ ಅದನ್ನು ತಿಂದವರು 17 ದಿನಕ್ಕೆ ಗುಣವಾದರೆ ಔಷಧಿ ಇಲ್ಲದ ಖಾಲಿ ಗುಳಿಗೆ ತಿಂದವರು 16 ದಿನಕ್ಕೆ ಗುಣವಾದರು! ಹೆಸರಿಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡವೇ ಬೇಡ. ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಸ್ಟೀರಾಯ್ಡ್ ಸಿಕ್ಕ ಉದಾಹರಣೆಗಳಿವೆ. ನೋವು ಮಾಯವಾಗುತ್ತದೆ, ಮೂಳೆಯೂ ಟೊಳ್ಳಾಗುತ್ತದೆ. ಸೊಂಟದ ಬೆಲ್ಟು ನಮ್ಮ ಮನೆಯಲ್ಲೂ ಮೊಳೆಗೆ ನೇತಾಡುತ್ತಿದೆ. ದೀರ್ಘಕಾಲದ ಸೊಂಟನೋವಿಗೆ ಬೆಲ್ಟು ಮತ್ತು ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಎರಡನ್ನೂ ವಾಡಿಕೆಯಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹಿಜಾಮಾ ಮಾಡಿಸುವವರು ನಮ್ಮಲ್ಲಿ ಇದ್ದಾರೆ. ಕೆಲವರಿಗೆ ಹಗುರ ಅನಿಸುತ್ತದೆ. ಬೆನ್ನುನೋವಿಗೆ ಗಟ್ಟಿಯಾದ ಪುರಾವೆ ಕಡಿಮೆ. ಮಾಡಿಸುವುದೇ ಆದರೆ ಬ್ಲೇಡು, ಕಪ್ಪು ಹೊಸದಾಗಿ ಬಿಚ್ಚಿದ್ದನ್ನು ಕಣ್ಣಾರೆ ನೋಡಬೇಕು. ಹೆಪಟೈಟಿಸ್ ಬಿ ಇಂಥ ದಾರಿಯಲ್ಲೇ ಬರುತ್ತದೆ. ಇನ್ನು ಕಾಲು ಮುಂದಾಗಿ ಹುಟ್ಟಿದವರಿಂದ, ಮರಾಠಿಯಲ್ಲಿ ಪಾಯಾಳು ಎನ್ನುತ್ತಾರಲ್ಲ, ಅವರಿಂದ ನಡಕ್ಕೆ ಒದೆಸಿಕೊಳ್ಳುವ ರೂಢಿ. ನಮ್ಮ ಓಣಿಯಲ್ಲಿ ಹಾಗೆ ಹುಟ್ಟಿದ ಒಬ್ಬ ಹುಡುಗನಿಗೆ ಇದರಿಂದ ಆಗಾಗ ಬಿಸ್ಕೀಟು ಸಿಗುತ್ತದೆ. ಮೆಲ್ಲಗೆ ಕಾಲು ತಾಗಿಸಿದರೆ ನಗು ಬರುತ್ತದೆ ಅಷ್ಟೇ. ಆದರೆ ವಯಸ್ಸಾದವರ ಬೆನ್ನಿಗೆ ಜೋರಾಗಿ ಒದ್ದರೆ ಮೂಳೆ ಮುರಿಯಬಹುದು.

ನಮಾಜಿನಲ್ಲಿ ಬಗ್ಗಬಹುದೇ ಎಂದು ಬಹಳ ಜನ ಕೇಳುತ್ತಾರೆ. ನಮ್ಮ ಮನೆಯಲ್ಲೇ ಇದಕ್ಕೆ ಎರಡು ಉತ್ತರ ಸಿಕ್ಕಿತು. ಅಬ್ಬಾಗೆ ವೈದ್ಯರು, ಕಾಲಿಗೆ ನೋವು ಹೊಡೆಯದಿದ್ದರೆ ರುಕೂ, ಸಜ್ದಾ ಮೆಲ್ಲಗೆ ಮಾಡಿ, ಅದೂ ಒಂದು ಚಲನೆಯೇ ಎಂದರು. ದಾದಿಗೆ ಬೇಡ ಎಂದರು. ದಾದಿ ಕೊಡ ಎತ್ತುವಾಗ ಬೆನ್ನಿನ ನಡುವೆ ‘ಕಟ್’ ಎಂದಿತ್ತು. ಎಕ್ಸ್‌ರೇಯಲ್ಲಿ ಒಂದು ಕಶೇರು ಮುಂದಿನ ಕಡೆ ಕುಸಿದು ಬೆಣೆಯಂತೆ ಆಗಿತ್ತು. ಮೂಳೆ ಟೊಳ್ಳಾದ ವಯಸ್ಸಿನಲ್ಲಿ ಅಷ್ಟಕ್ಕೇ ಮುರಿಯುತ್ತದೆ, ಮುಂದಕ್ಕೆ ಬಗ್ಗಿದರೆ ಇನ್ನಷ್ಟು ಕುಸಿಯುತ್ತದೆ. ಆಕೆ ಈಗ ಕುರ್ಚಿಯ ಮೇಲೆ ನಮಾಜು ಮಾಡುತ್ತಾರೆ, ಆಗದವರಿಗೆ ಕೂತು ಮಾಡಲು ಅವಕಾಶ ಇದ್ದೇ ಇದೆ. ಒಬ್ಬರ ಸಲಹೆ ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂಬುದಕ್ಕೆ ಇದನ್ನು ಬರೆದೆ.

ಕತ್ತಿನ ವಿಷಯ ನಮ್ಮ ವಯಸ್ಸಿನವರದು. ಮೊಬೈಲ್ ನೋಡಲು ತಲೆ ಬಾಗಿಸಿದರೆ ಕತ್ತಿನ ಮೇಲೆ 27 ಕೆಜಿ ಭಾರ ಬೀಳುತ್ತದೆ ಎಂಬ ಚಿತ್ರ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂದಿರುತ್ತದೆ. ಅದು 2014ರಲ್ಲಿ ಒಬ್ಬ ವೈದ್ಯರು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ, ಜನರ ಕತ್ತಿನಲ್ಲಿ ಅಳೆದದ್ದಲ್ಲ. ಬಾಗುವುದು ತಪ್ಪಲ್ಲ. ಎರಡು ತಾಸು ಅಲುಗಾಡದೆ ಬಾಗಿಯೇ ಇರುವುದು ಕಷ್ಟ ಕೊಡುತ್ತದೆ. ಪರೀಕ್ಷೆಯ ದಿನಗಳಲ್ಲಿ ನಾವು ಚಾಪೆಯ ಮೇಲೆ ಕೂತು ನೆಲದ ಮೇಲೆ ಪುಸ್ತಕ ಇಟ್ಟು ಓದುತ್ತೇವೆ. ಕುರ್‌ಆನ್ ಓದುವಾಗ ರೆಹಲ್ ಇಡುವುದು ಗೌರವಕ್ಕೆ, ಆದರೆ ಕತ್ತಿಗೂ ಅದರಿಂದ ಆರಾಮ. ಪಾಠದ ಪುಸ್ತಕಕ್ಕೂ ಒಂದು ಟ್ರಂಕೋ, ತಗ್ಗಿನ ಮೇಜೋ ಇಟ್ಟು ಅಷ್ಟು ಎತ್ತರ ಮಾಡಿಕೊಂಡರೆ ಸಾಕು. ಅರ್ಧ ತಾಸಿಗೊಮ್ಮೆ ಎದ್ದು ನೀರು ಕುಡಿದು ಬನ್ನಿ.

ಬ್ಯಾಗಿನ ಬಗ್ಗೆ: ಶಾಲಾ ಮಕ್ಕಳ ಬ್ಯಾಗು ದೇಹದ ತೂಕದ ನೂರಕ್ಕೆ 10ರಷ್ಟು ಮೀರಬಾರದು ಎಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಮಾಡಿದೆ. 2020ರ ಕೇಂದ್ರ ನೀತಿಯಲ್ಲಿ 11 ಮತ್ತು 12ನೇ ತರಗತಿಗೆ 3.5ರಿಂದ 5 ಕೆಜಿ ಎಂದಿದೆ. ನನ್ನ ಬ್ಯಾಗು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 7 ಕೆಜಿ ತೂಗಿತು. ಭಾರದ ಬ್ಯಾಗಿನಿಂದಲೇ ಬೆನ್ನುನೋವು ಬರುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಇಲ್ಲ ಎಂದು 2018ರ ಒಂದು ಪರಾಮರ್ಶೆ ಹೇಳಿದೆ. ಆದರೂ ನಿಂತ ಬಸ್ಸಿನಲ್ಲಿ ಒಂದೇ ಹೆಗಲಿಗೆ ನೇತುಹಾಕಿಕೊಂಡರೆ ಹೆಗಲು ದಣಿಯುವುದು ಖಂಡಿತ.

ಇಷ್ಟು ಹೊತ್ತು ಹೆದರಬೇಡಿ ಎಂದೆ. ಈಗ ಹೆದರಬೇಕಾದ ಕಡೆ ಬರುತ್ತೇನೆ, ಇದನ್ನು ಮನೆಯವರಿಗೂ ಓದಿ ಹೇಳಿ. ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಎರಡೂ ಕಾಲು ಸೋತರೆ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದು, ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದಂತೆ ಇಳಿಯುತ್ತವೆ. ಆ ಬಾಲವೇ ಒತ್ತಿಕೊಂಡಾಗ ಹೀಗಾಗುತ್ತದೆ. ತಡವಾದರೆ ಶಾಶ್ವತ. ಬಿದ್ದು, ಅಪಘಾತವಾಗಿ ಬಂದ ನೋವು, ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಇವಕ್ಕೂ ಕಾಯಬಾರದು.

ನಮ್ಮ ವಯಸ್ಸಿನಲ್ಲಿ ಶುರುವಾಗುವ ಇನ್ನೊಂದು ಕಾಯಿಲೆ ಇದೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಮೂರು ತಿಂಗಳಿಗಿಂತ ಹೆಚ್ಚು ನೋವು, ಬೆಳಗಿನ ಜಾವ ಎಚ್ಚರವಾಗುವುದು, ಎದ್ದ ಮೇಲೆ ಅರ್ಧ ತಾಸಿಗಿಂತ ಹೆಚ್ಚು ಬಿಗಿತ, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವುದು ಇದರ ಗುರುತು. ಬೇಗ ಹಿಡಿದರೆ ಬೆನ್ನು ಗಟ್ಟಿಯಾಗಿ ಬಾಗಿಹೋಗುವುದನ್ನು ತಡೆಯುವ ಔಷಧಿಗಳಿವೆ.

ಕೊನೆಯದು ಬೆನ್ನೆಲುಬಿನ ಟಿಬಿ. ಟಿಬಿ ಅಂದರೆ ಕೆಮ್ಮು ಎಂದೇ ನಾವು ತಿಳಿದಿದ್ದೇವೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ, ಮೂಳೆಗೆ ಬರುವ ಟಿಬಿಯಲ್ಲಿ ಅರ್ಧದಷ್ಟು ಬೆನ್ನೆಲುಬಿಗೇ ಬರುತ್ತದೆ. ನನ್ನ ಖಾಲಾರ ಮಗಳಿಗೆ ಎದೆಯ ಹಿಂದಿನ ಬೆನ್ನು ನಾಲ್ಕು ತಿಂಗಳು ನೋಯಿತು. ಬ್ಯಾಗಿನ ಭಾರ ಎಂದರು, ಓದಿನ ಕಳ್ಳಾಟ ಎಂದೂ ಅಂದರು. ರಾತ್ರಿ ನೋವು ಹೆಚ್ಚು, ಸಂಜೆ ಸಣ್ಣ ಜ್ವರ, ಊಟ ಸೇರದು, ಬಟ್ಟೆ ಸಡಿಲ. ಬೆನ್ನು ಸವರುವಾಗ ಖಾಲಾಗೆ ಒಂದು ಮೂಳೆ ಹಿಂದಕ್ಕೆ ಚಾಚಿದಂತೆ ಕೈಗೆ ತಾಗಿತು. ಆಗ ಎಂಆರ್‌ಐ ಆಯಿತು. ಅಬ್ಬಾರ ವಿಷಯದಲ್ಲಿ ದಾರಿ ತಪ್ಪಿಸಿದ ಅದೇ ಯಂತ್ರ ಇಲ್ಲಿ ಜೀವ ಉಳಿಸಿತು, ಯಾಕೆಂದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಇತ್ತು. ಸೂಜಿಯಿಂದ ಮಾದರಿ ತೆಗೆದು ಖಚಿತ ಮಾಡಿದರು. ಇದಕ್ಕೆ ಕಫ ಪರೀಕ್ಷೆ ಸಾಲದು, ಕಫದಲ್ಲಿ ಏನೂ ಸಿಗದಿರಬಹುದು.

ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಶ್ವಾಸಕೋಶದ ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳಾದರೆ, ಬೆನ್ನೆಲುಬಿಗೆ ವರ್ಷ ಅಥವಾ ಅದಕ್ಕೂ ಹೆಚ್ಚು ತಿನ್ನಬೇಕು. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರಿಗೆ ಮೊದಲು ಇದು 500 ಇತ್ತು. ಹೆಸರು ನೋಂದಾಯಿಸುವಾಗ ಆಧಾರ್ ಮತ್ತು ಪಾಸ್‌ಬುಕ್ ಒಯ್ಯಬೇಕು. ನನ್ನ ತಂಗಿಗೆ ಈಗ ಹದಿನಾಲ್ಕನೇ ತಿಂಗಳು. ಗುಳಿಗೆ ಇನ್ನೂ ನಾಲ್ಕು ತಿಂಗಳು ಎಂದಿದ್ದಾರೆ. ಹೋದ ವರ್ಷ ಎಸ್ಸೆಸ್ಸೆಲ್ಸಿ ತಪ್ಪಿತು, ಈ ವರ್ಷ ಬರೆಯುತ್ತಾಳೆ, ಗಣಿತದ ನೋಟ್ಸು ನನ್ನಿಂದ ಒಯ್ದಿದ್ದಾಳೆ.